ಕಬ್ಬಿನೊಳಗಿನ ಬಾಣಂತಿ

2022ರ ನವೆಂಬರ್‌ನಲ್ಲಿ ಚಿರತೆಯ ಭಯಕ್ಕೆ ಕೆಆರ್‌ಎಸ್‌ನ ಬೃಂದಾವನದ ಗೇಟನ್ನೇ ಮುಚ್ಚಬೇಕಾಯಿತು. ಪ್ರವಾಸಿಗರಿಗೆ ಅದು ಸೋಜಿಗ. ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ರೈತರಿಗೆ ಈ ಕಿರುಬ ಹಳೆಯ ನೆರೆಯವನು.

ಬೆಟ್ಟ ಸುತ್ತುವ ಚಟದವರಿಗೂ ಅದು ಸುಲಭಕ್ಕೆ ಕಾಣಿಸುವುದಿಲ್ಲ. ಕುಂತಿಬೆಟ್ಟದಲ್ಲೋ ಕೆ.ಆರ್. ಪೇಟೆಯ ನಾರಾಯಣದುರ್ಗದಲ್ಲೋ ಬಂಡೆಯ ಮೇಲೆ ಒಣಗಿ ಬೆಳ್ಳಗಾದ ಹಿಕ್ಕೆ ಸಿಗುತ್ತದೆ. ಕಡ್ಡಿಯಿಂದ ಕೆದಕಿ (ಬರಿಗೈ ಹಾಕಬೇಡಿ): ಮೊಲದ ರೋಮ, ನಾಯಿಯ ಉಗುರು, ನವಿಲಿನ ಗರಿ. ಚಿರತೆಗೆ ದಟ್ಟ ಕಾಡೇ ಬೇಕೆಂಬುದು ತಪ್ಪು ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು. ಐವತ್ತು, ಅರವತ್ತು ಕಿಲೋ ತೂಗುವ ಗಂಡು ಇಲಿ ಹಿಡಿದಾದರೂ ದಿನ ದೂಡೀತು.

ಅದಕ್ಕೆ ಬೇಕಾದದ್ದು ಸಂದು. ಹಗಲು ತಂಪಾಗಿ ಮಲಗಲು, ಹೆಣ್ಣಿಗೆ ಮರಿ ಹಾಕಲು. ಸುಮಾರು ಮೂರು ತಿಂಗಳ ಗರ್ಭ. ಹುಟ್ಟುವುದು ಸಾಮಾನ್ಯವಾಗಿ ಎರಡೋ ಮೂರೋ ಮರಿ. ಕಣ್ಣು ಬಿಡಲು ಸುಮಾರು ಒಂದು ವಾರ ಬೇಕು. ಚೂರು ಅನುಮಾನ ಬಂದರೂ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಸಂದಿಗೆ ಸಾಗಿಸುತ್ತದೆ. ಕಲ್ಲುಗಣಿ ನುಂಗುವುದು ಈ ಸಂದುಗಳನ್ನೇ. ಪಾಂಡವಪುರದ ಬೇಬಿಬೆಟ್ಟದ ಗಣಿಗಾರಿಕೆಯ ವಾದವೆಲ್ಲ ಕೆಆರ್‌ಎಸ್‌ ಅಣೆಕಟ್ಟೆಯ ಸುರಕ್ಷತೆಯ ಸುತ್ತ ನಡೆಯಿತು, ನಡೆಯಬೇಕಾದದ್ದೇ. ಬೆಟ್ಟದಲ್ಲಿ ಒಕ್ಕಲಿದ್ದವರ ಮಾತು ಮಾತ್ರ ಹಿಂದೆ ಬಿತ್ತು.

ಬಂಡೆ ಹೋದಲ್ಲಿ ಕಬ್ಬು ಒದಗಿತು. ವಿಶ್ವೇಶ್ವರಯ್ಯ ನಾಲೆ ಪಾಂಡವಪುರಕ್ಕೆ, ಹೇಮಾವತಿ ನಾಲೆ ಕೆ.ಆರ್. ಪೇಟೆ, ನಾಗಮಂಗಲಗಳಿಗೆ ನೀರು ತಂದವು. ವರ್ಷವಿಡೀ ನಿಲ್ಲುವ ಬೆಳೆ, ಒಳಗೆ ಕತ್ತಲು, ತಂಪು, ಇಲಿ, ಹಂದಿ. ಬಾಣಂತಿಗೆ ಇನ್ನೇನು ಬೇಕು? ಕಟಾವಿನ ದಿನ ಬರುವುದೊಂದು ಅದಕ್ಕೆ ಗೊತ್ತಿರುವುದಿಲ್ಲ. ಕಬ್ಬು ಕಡಿಯುವವರ ಕಾಲಡಿ ಮರಿ ಸಿಗುತ್ತದೆ, ಯಾರೋ ಎತ್ತಿಕೊಂಡು ಮೊಬೈಲಿಗೆ ಮುಖ ಕೊಡುತ್ತಾರೆ, ಊರು ಬೋನು ಕೇಳುತ್ತದೆ. ಮೇಕೆ ಕಳೆದುಕೊಂಡವರ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಒಂದನ್ನು ಹಿಡಿದು ದೂರ ಬಿಟ್ಟರೆ ಖಾಲಿ ಬಿದ್ದ ಜಾಗಕ್ಕೆ ಇನ್ನೊಂದು ಬರುತ್ತದೆ. ಬೋನು ಮದ್ದಲ್ಲ.

2022ರ ಅಂದಾಜಿನಂತೆ ರಾಜ್ಯದಲ್ಲಿ 1,879 ಚಿರತೆಗಳಿವೆ. ಆ ಲೆಕ್ಕ ಮುಖ್ಯವಾಗಿ ಕಾಡಿನದು. ಗದ್ದೆಯ ಚಿರತೆಗಳು ಅದರಾಚೆಗೆ ಉಳಿದಿವೆ.

ಬೋನು ಕೇಳುವ ಬದಲು, ಕಬ್ಬಿನ ಕಟಾವನ್ನು ಒಂದೇ ಕಡೆಯಿಂದ ಆರಂಭಿಸಿ, ಎದುರು ಬದಿ ತೆರೆದಿಡಿ. ಮರಿ ಕಂಡರೆ ಮುಟ್ಟದೆ, ಆ ಜಾಗದ ಕೊಯ್ಲು ನಿಲ್ಲಿಸಿ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಮರಿಗಳನ್ನು ಅಲ್ಲೇ ಬಿಟ್ಟು ಜನ ದೂರ ಸರಿದರೆ, ಹೆಚ್ಚಿನ ಸಲ ತಾಯಿ ರಾತ್ರಿ ಬಂದು ಒಯ್ಯುತ್ತದೆ.