ದಣಿದ ಲೋಹದ ಕಥೆ

ಈ ವಾರ ‘ಡಿಪಾರ್ಚರ್’ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. 2019ರ ಈ ಸರಣಿಯ ಮೊದಲ ಆರು ಕಂತುಗಳನ್ನು ಎರಡು ರಾತ್ರಿ ಕೂತು ಮುಗಿಸಿದೆ. ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೊರಟ ವಿಮಾನ ಅಟ್ಲಾಂಟಿಕ್ ಮೇಲೆ ಕಣ್ಮರೆಯಾಗುತ್ತದೆ. ತನಿಖಾಧಿಕಾರಿಯಾಗಿ ಆರ್ಚಿ ಪಂಜಾಬಿ ಅವರದು ಅಚ್ಚುಕಟ್ಟಾದ ಅಭಿನಯ. ಇಳಿವಯಸ್ಸಿನ ಕ್ರಿಸ್ಟೋಫರ್ ಪ್ಲಮರ್ ಅವರನ್ನು ನೋಡುವುದೇ ಒಂದು ಸುಖ.

ಆದರೆ ಕಂತು ಕಂತಿಗೂ ಹೊಸಬರ ಮೇಲೆ ಅನುಮಾನ. ವಿಮಾನ ಏಕೆ ಬಿತ್ತು ಎಂಬ ಪ್ರಶ್ನೆಯನ್ನು ಯಾರು ಬೀಳಿಸಿದರು ಎಂಬ ಪ್ರಶ್ನೆ ನುಂಗಿಬಿಡುತ್ತದೆ. ಈ ‘ಖಳನನ್ನು ಹುಡುಕು’ ಪಂಥದೊಡನೆ ನನ್ನ ಜಗಳ ಹಳೆಯದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧದ ಪ್ರಕಾರ, ತನಿಖೆಯ ಗುರಿ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ಯಾರ ತಲೆಗೋ ತಪ್ಪು ಕಟ್ಟುವುದಲ್ಲ.

ಖಳನಿಲ್ಲದೆ ರೋಚಕತೆ ಎಲ್ಲಿಂದ ಬಂತು ಎನ್ನುವವರು 1951ರ ‘ನೋ ಹೈವೇ ಇನ್ ದ ಸ್ಕೈ’ ನೋಡಬೇಕು. ಸ್ವತಃ ವಿಮಾನ ಎಂಜಿನಿಯರ್ ಆಗಿದ್ದ ನೆವಿಲ್ ಶೂಟ್ 1948ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ಜೇಮ್ಸ್ ಸ್ಟೂವರ್ಟ್ ಇಲ್ಲಿ ವಿಜ್ಞಾನಿ. ಅವನ ಲೆಕ್ಕದಲ್ಲಿ 1,440 ಗಂಟೆ ಹಾರುವಷ್ಟರಲ್ಲಿ ಲೋಹ ದಣಿದು ವಿಮಾನದ ಬಾಲ ಮುರಿಯಬೇಕು. ತಾನು ಕೂತಿರುವ ವಿಮಾನವೂ ಆ ಗಡಿ ಮುಟ್ಟುತ್ತಿದೆ ಎಂದು ತಿಳಿಯುವುದು ನಡುಹಾದಿಯಲ್ಲಿ. ಗ್ಯಾಂಡರ್‌ನಲ್ಲಿ ಇಳಿದ ಮೇಲೂ ಅವನ ಮಾತನ್ನು ಕೇಳುವವರಿಲ್ಲ. ವಿಮಾನ ಮತ್ತೆ ಹೊರಡುವ ಹೊತ್ತು. ಅವನು ಚಾಲಕರ ಕೋಣೆಗೆ ಹೋಗಿ ಸನ್ನೆಕೋಲು ಎಳೆದೇಬಿಡುತ್ತಾನೆ. ಚಕ್ರಗಳು ಮಡಚಿಕೊಂಡು ಅಷ್ಟು ದೊಡ್ಡ ವಿಮಾನ ನಿಂತಲ್ಲೇ ಕುಕ್ಕರಿಸುತ್ತದೆ. ಒಂದು ಗುಂಡೂ ಹಾರದ ಆ ದೃಶ್ಯವನ್ನು ಇವತ್ತಿಗೂ ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಮೂರೇ ವರ್ಷಕ್ಕೆ ಲೋಹದ ದಣಿವು ನಿಜಕ್ಕೂ ಜೀವ ತೆಗೆಯಿತು. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಎರಡು ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಚೂರಾಗಿ 56 ಮಂದಿ ಸತ್ತರು. ಫಾರ್ನ್‌ಬರೋದಲ್ಲಿ ತನಿಖೆಗಾರರು ಇನ್ನೊಂದು ಕಾಮೆಟ್‌ನ ಒಡಲನ್ನು ದೊಡ್ಡ ತೊಟ್ಟಿಯಲ್ಲಿಟ್ಟು, ಒಳಗೂ ಹೊರಗೂ ನೀರು ತುಂಬಿ, ಒಳಗಿನ ಒತ್ತಡವನ್ನು ಸಾವಿರಾರು ಸಲ ಏರಿಸಿ ಇಳಿಸಿದರು. ಗಾಳಿ ತುಂಬಿದ್ದರೆ ಒಡಲು ಬಾಂಬಿನಂತೆ ಸಿಡಿದು ಸಾಕ್ಷ್ಯವೇ ಉಳಿಯುತ್ತಿರಲಿಲ್ಲ. ಜೂನ್‌ನಲ್ಲಿ ಅದು ಬಿರಿಯಿತು. ಬಿರುಕು ಹುಟ್ಟಿದ್ದು ಒಂದು ಕಿಂಡಿಯ ಮೂಲೆಯಲ್ಲಿ.

ನನ್ನ ಮಟ್ಟಿಗೆ ಪತ್ತೇದಾರಿಕೆ ಎಂದರೆ ಆ ತೊಟ್ಟಿ. ‘ಡಿಪಾರ್ಚರ್’ ನೋಡಿ, ಬೇಡವೆನ್ನುವುದಿಲ್ಲ. ಆದರೆ ಸ್ಟೂವರ್ಟ್‌ನ ಆ ಕಪ್ಪು-ಬಿಳುಪು ಚಿತ್ರವನ್ನು ಮೊದಲು ನೋಡಿ.