ಪತ್ತೇದಾರಿ ಮಣೆಯಾಟಗಳಲ್ಲಿ ಪರಾರ್ಥಾನುಮಾನ

೧

ಚದುರಂಗವಾಗಲಿ ಪಗಡೆಯಾಗಲಿ ಚೌಕಾಬಾರವಾಗಲಿ, ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಣೆಯಾಟಗಳು ಎದುರಾಳಿಯನ್ನು ಅಪೇಕ್ಷಿಸುತ್ತವೆ. ಅಲ್ಲಿ ಒಬ್ಬನ ಗೆಲವೆಂದರೆ ಮತ್ತೊಬ್ಬನ ಸೋಲು. ಪಾಶ್ಚಾತ್ಯ ದೇಶಗಳಲ್ಲಿ ಈಚಿನ ದಶಕಗಳಲ್ಲಿ ಬೆಳೆದುಬಂದ ಸಹಕಾರದ ಆಟಗಳಲ್ಲಾದರೋ ಮಣೆಯ ಸುತ್ತ ಕುಳಿತವರೆಲ್ಲರೂ ಒಂದೇ ಪಕ್ಷದವರು. ಈ ವರ್ಗಕ್ಕೆ ಸೇರಿದ ಪತ್ತೇದಾರಿ ಆಟಗಳಲ್ಲಿ ಕೊಲೆಯೋ ಕಳವೋ ಮೊದಲೇ ನಡೆದುಹೋಗಿರುತ್ತದೆ. ಆಟಗಾರರು ಒಟ್ಟುಗೂಡಿ ಕುರುಹುಗಳನ್ನು ಸಂಗ್ರಹಿಸಿ, ತರ್ಕಿಸಿ, ಅಪರಾಧಿಯನ್ನು ಗೊತ್ತುಮಾಡಬೇಕು. ಇವುಗಳಲ್ಲಿ ಕೆಲವಕ್ಕೆ ಈಗ ಮೊಬೈಲಿನ ಆ್ಯಪ್ ಅವಿಭಾಜ್ಯವಾದ ಅಂಗವಾಗಿದೆ. ಕಾಗದದ ಪೆಟ್ಟಿಗೆಯೂ ಯಂತ್ರವೂ ಕೂಡಿ ಕಥೆಯನ್ನು ನಡೆಸುತ್ತವೆ.

ಈ ಆಟಗಳನ್ನು ವಿನೋದವೆಂದು ಬದಿಗಿಡುವುದು ಸುಲಭ. ಆದರೆ ನಾಲ್ವರು ಒಂದೆಡೆ ಕುಳಿತು ಸತ್ಯವೊಂದನ್ನು ನಿರ್ಣಯಿಸಲು ಯತ್ನಿಸುವ ವ್ಯಾಪಾರವು ನಮ್ಮ ನೈಯಾಯಿಕರಿಗೆ ಪರಿಚಿತವಾದುದೇ. ಗೆಲ್ಲಬೇಕೆಂಬ ಹಟದಿಂದ ನಡೆಯುವ ಚರ್ಚೆಯನ್ನು ಅವರು ಜಲ್ಪವೆಂದೂ, ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದನ್ನು ವಾದವೆಂದೂ ಕರೆದರು. ಹಾಗೆಯೇ, ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯುಂಟೆಂದು ತನಗೆ ತಾನೇ ತಿಳಿದುಕೊಳ್ಳುವುದು ಸ್ವಾರ್ಥಾನುಮಾನ; ಅದನ್ನೇ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂಬ ಐದು ಅವಯವಗಳಿಂದ ಮತ್ತೊಬ್ಬನಿಗೆ ಮನದಟ್ಟುಮಾಡಿಸುವುದು ಪರಾರ್ಥಾನುಮಾನ. ಪತ್ತೇದಾರಿ ಕಥೆಯನ್ನು ಓದುವವನು ಸ್ವಾರ್ಥಾನುಮಾನದಲ್ಲಿ ತೊಡಗಿರುತ್ತಾನೆ. ಪತ್ತೇದಾರಿ ಆಟವನ್ನು ಕೂಡಿ ಆಡುವವನಿಗೆ ಅಷ್ಟು ಸಾಲದು. ತಾನು ಕಂಡ ಹೇತುವನ್ನು ಸಂಗಡಿಗರ ಮುಂದಿಟ್ಟು ಅವರ ಆಕ್ಷೇಪಗಳಿಗೆ ಉತ್ತರಕೊಡಬೇಕು. ಈ ಆಟಗಳ ವಿಶೇಷವಾದ ಸಂತೋಷವು ಇಲ್ಲಿಯೇ ಇರುವುದೆಂದು ನಾವು ಭಾವಿಸುತ್ತೇವೆ. ಹಾಗಾದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರವು ಮಣೆಯ ಮೇಲೆ ಬಂದುದರಿಂದ ಈ ಪರಾರ್ಥಾನುಮಾನವು ಪುಷ್ಟಿಗೊಂಡಿತೇ, ಕೃಶವಾಯಿತೇ?

೨

ಯಂತ್ರಕ್ಕೆ ಮುಂಚಿನ ಸ್ಥಿತಿಯನ್ನು ಮೊದಲು ನೋಡಬೇಕು. ೧೯೪೯ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಆಂಥನಿ ಪ್ರಾಟ್ ಎಂಬವರ ‘ಕ್ಲೂಡೊ’ ಲೋಕಪ್ರಸಿದ್ಧವಾದುದು. ಆರು ಮಂದಿ ಶಂಕಿತರು, ಆರು ಆಯುಧಗಳು, ಒಂಬತ್ತು ಕೋಣೆಗಳು. ಇವುಗಳ ೨೧ ಚೀಟಿಗಳಲ್ಲಿ ಮೂರನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಉಳಿದ ೧೮ನ್ನು ಹಂಚುತ್ತಾರೆ. ಸಾಧ್ಯವಾದ ೩೨೪ ಕೂಟಗಳಲ್ಲಿ ಒಂದೊಂದನ್ನಾಗಿ ತಳ್ಳಿಹಾಕುತ್ತ ಉಳಿದುದನ್ನು ಹಿಡಿಯುವುದು ಇಲ್ಲಿಯ ಮಾರ್ಗ. ಶಾಸ್ತ್ರದಲ್ಲಿ ಇದಕ್ಕೆ ಪರಿಶೇಷವೆಂದು ಹೆಸರು. ಆದರೆ ಆಟಗಾರರು ಪರಸ್ಪರ ಸ್ಪರ್ಧಿಗಳಾದುದರಿಂದ ಪ್ರತಿಯೊಬ್ಬನೂ ತನ್ನ ತರ್ಕವನ್ನು ಮರೆಮಾಚುತ್ತಾನೆ. ಅನುಮಾನವುಂಟು, ಪರಾರ್ಥವಿಲ್ಲ, ಮೇಲಾಗಿ, ಕೊಲೆಗೆ ಕಾರಣವೇನೆಂಬ ವಿಚಾರವೇ ಅಲ್ಲಿ ಹುಟ್ಟುವುದಿಲ್ಲ.

ಈ ಕೊರತೆಯನ್ನು ತುಂಬಿದುದು ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೊರಟ ‘ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್’. ಜರ್ಮನಿಯಲ್ಲಿ ವರ್ಷದ ಆಟಕ್ಕೆ ಸಲ್ಲುವ ಪ್ರಶಸ್ತಿಯು ೧೯೮೫ರಲ್ಲಿ ಇದಕ್ಕೆ ದೊರೆಯಿತು. ಲಂಡನ್ನಿನ ನಕ್ಷೆ, ವಿಳಾಸಗಳ ಪುಸ್ತಕ, ಆಯಾ ದಿನದ ವೃತ್ತಪತ್ರಿಕೆ, ಪ್ರಕರಣದ ಪುಸ್ತಕ: ಸಾಮಗ್ರಿ ಇಷ್ಟೇ. ಎಲ್ಲಿಗೆ ಹೋಗಬೇಕೆಂದು ಕೂಡಿ ನಿಶ್ಚಯಿಸಿ, ಆ ವಿಳಾಸದ ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ಕೊನೆಯಲ್ಲಿ ಹೋಮ್ಸನು ಎಷ್ಟು ಕಡೆ ವಿಚಾರಿಸಿ ಕಂಡುಹಿಡಿದನೋ ಅದಕ್ಕೆ ಹೋಲಿಸಿ, ಹೆಚ್ಚಾದ ಒಂದೊಂದು ಭೇಟಿಗೂ ಐದು ಅಂಕಗಳನ್ನು ಕಳೆಯುತ್ತಾರೆ. ಈ ದಂಡದಿಂದ ಒಂದು ಮಹೋಪಕಾರವಾಯಿತು: ಹೆಜ್ಜೆಗೆ ಬೆಲೆಯಿರುವುದರಿಂದ ಹೆಜ್ಜೆಯಿಡುವ ಮೊದಲು ಚರ್ಚೆ ನಡೆಯಲೇಬೇಕು. ದೋಷಗಳೂ ಉಂಟು. ಹೋಮ್ಸನ ನಿರ್ಣಯದಲ್ಲಿ ಅನೇಕ ವೇಳೆ ಹೇತುವಿಗೂ ನಿಗಮನಕ್ಕೂ ನಡುವಣ ವ್ಯಾಪ್ತಿಯು ಆಟಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಅಚ್ಚಾದ ಪುಸ್ತಕಕ್ಕೆ ನೆನಪಿಲ್ಲವೆಂಬುದು ಇನ್ನೊಂದು ದೋಷ. ಒಬ್ಬ ಸಾಕ್ಷಿಯನ್ನು ಆಟದ ಮೊದಲಲ್ಲಿ ಕಂಡರೂ ಕೊನೆಯಲ್ಲಿ ಕಂಡರೂ ಅವನು ಅದೇ ಮಾತನ್ನು ಆಡುತ್ತಾನೆ.

೩

ಯಂತ್ರವು ಪ್ರವೇಶಿಸಿದುದು ಈ ಎಡೆಯಲ್ಲಿಯೇ. ಡೇವಿಡ್ ಸಿಕ್ಯುರೆಲ್ ಎಂಬವರು ರಚಿಸಿ ೨೦೧೮ರಲ್ಲಿ ಪ್ರಕಟವಾದ ‘ಕ್ರಾನಿಕಲ್ಸ್ ಆಫ್ ಕ್ರೈಮ್’ ಆಟದಲ್ಲಿ ಚೀಟಿಗಳ ಮೇಲೆ ಚಿತ್ರವೂ ಕ್ಯೂಆರ್ ಸಂಕೇತವೂ ಇವೆಯಲ್ಲದೆ ಕಥೆಯಿಲ್ಲ. ಒಂದೇ ಮುಖದ ಚೀಟಿಯು ಒಂದು ಪ್ರಕರಣದಲ್ಲಿ ವೈದ್ಯನಾದರೆ ಮತ್ತೊಂದರಲ್ಲಿ ಕಳ್ಳನಾಗಬಹುದು. ಅರ್ಥವೆಲ್ಲವೂ ಆ್ಯಪಿನಲ್ಲಿ ಅಡಗಿದೆ. ಸ್ಥಳದ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ಅಲ್ಲಿಗೆ ಹೋದಂತೆ. ವ್ಯಕ್ತಿಯದನ್ನು ತೋರಿಸಿದರೆ ಮಾತಿಗೆ ನಿಂತಂತೆ. ಆಮೇಲೆ ಯಾವ ಚೀಟಿಯನ್ನು ತೋರಿಸಿದರೂ ಅದರ ವಿಷಯವಾಗಿ ಅವನನ್ನು ಪ್ರಶ್ನಿಸಿದಂತೆ. ಪ್ರಯಾಣಕ್ಕೆ ಆಟದ ಗಡಿಯಾರದಲ್ಲಿ ೨೦ ನಿಮಿಷ, ಪ್ರಶ್ನೆಗೆ ೫ ನಿಮಿಷ. ಯಾರನ್ನು ಯಾವಾಗ ಏನು ಕೇಳಿದರೆಂಬುದನ್ನು ಯಂತ್ರವು ನೆನಪಿಟ್ಟುಕೊಳ್ಳುವುದರಿಂದ ಸಾಕ್ಷಿಗಳ ಮಾತು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಅಚ್ಚಿನ ಪುಸ್ತಕಕ್ಕೆ ಇದು ಸಾಧ್ಯವಿರಲಿಲ್ಲ.

ಈ ಆಟದ ಅತ್ಯುತ್ತಮವಾದ ಭಾಗವೆಂದರೆ ಅಪರಾಧಸ್ಥಳದ ಶೋಧನೆ. ಒಬ್ಬನು ಮೊಬೈಲನ್ನು ಕಣ್ಣೆದುರು ಹಿಡಿದು ಸುತ್ತಲೂ ತಿರುಗಿಸುತ್ತ, ನಿಯತವಾದ ಅಲ್ಪಕಾಲದೊಳಗೆ ತಾನು ಕಂಡ ವಸ್ತುಗಳನ್ನು ಉಚ್ಚರಿಸುತ್ತಾನೆ. ಉಳಿದವರು ಆ ಮಾತನ್ನು ಕೇಳಿ ತಕ್ಕ ಕುರುಹಿನ ಚೀಟಿಗಳನ್ನು ಆರಿಸುತ್ತಾರೆ. ನೋಡುವವನಿಗೆ ಪ್ರತ್ಯಕ್ಷ, ಮಿಕ್ಕವರಿಗೆ ಶಬ್ದವೇ ಪ್ರಮಾಣ. ನೋಡುವವನು ಆಪ್ತನೇ ಆದರೂ ಅವನ ವರ್ಣನೆಯಲ್ಲಿ ಬಿಟ್ಟುಹೋದುದು ಎಲ್ಲರಿಗೂ ಬಿಟ್ಟುಹೋಗುತ್ತದೆ. ‘ಮೇಜಿನ ಮೇಲೆ ಏನೋ ಕಾಗದ’ ಎನ್ನುವವನಿಗೂ ‘ಅರ್ಧ ಹರಿದ ಪತ್ರ’ ಎನ್ನುವವನಿಗೂ ಇರುವ ತಾರತಮ್ಯವು ಪ್ರಕರಣದ ಗತಿಯನ್ನೇ ತಿರುಗಿಸಬಹುದು. ಇಲ್ಲಿ ಯಂತ್ರವು ಮಾತಿಗೆ ಅವಕಾಶವನ್ನು ಕೊಟ್ಟಿದೆಯೇ ಹೊರತು ಮಾತನ್ನು ಕಸಿದುಕೊಂಡಿಲ್ಲ.

ಆದರೆ ವಿಚಾರಣೆಯ ಭಾಗಕ್ಕೆ ಬಂದಾಗ ಈ ಪ್ರಶಂಸೆಯನ್ನು ಮಿತಗೊಳಿಸಬೇಕಾಗುತ್ತದೆ. ಚೀಟಿಯನ್ನು ತೋರಿಸುವುದು ಕೇವಲ ಕೈಯ ಕೆಲಸ. ಸಾಕ್ಷಿಯ ಮುಂದೆ ಇದ್ದಬದ್ದ ಚೀಟಿಗಳನ್ನೆಲ್ಲ ಒಂದರ ಹಿಂದೊಂದು ಹಿಡಿಯುವ ಚಪಲವು ಹುಟ್ಟುತ್ತದೆ. ಐದು ನಿಮಿಷದ ದಂಡವು ಇದಕ್ಕೆ ತಡೆಯಾಗಿದ್ದರೂ ಅದು ಬಿಗಿಯಾದ ತಡೆಯಲ್ಲ. ಕಾಲವು ಕಳೆದರೆ ಅಂಕ ಕುಗ್ಗೀತು, ಉತ್ತರವು ದೊರೆತೇ ದೊರೆಯುತ್ತದೆ. ಕನ್ನಡದಲ್ಲಿ ಅನುಮಾನವೆಂಬ ಮಾತಿಗೆ ಲೋಕರೂಢಿಯಲ್ಲಿ ಸಂಶಯವೆಂದು ಅರ್ಥ, ಶಾಸ್ತ್ರದಲ್ಲಿ ತರ್ಕಬದ್ಧವಾದ ಜ್ಞಾನವೆಂದು ಅರ್ಥ. ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ಏರುವುದೇ ಪತ್ತೇದಾರಿಕೆ. ಎಲ್ಲರ ಮೇಲೂ ಸಂಶಯಪಟ್ಟು ಎಲ್ಲವನ್ನೂ ಕೇಳುವವನು ಮೊದಲ ಮೆಟ್ಟಿಲಲ್ಲೇ ಉಳಿಯುತ್ತಾನೆ. ಇದಲ್ಲದೆ, ಮೊಬೈಲನ್ನು ಹಿಡಿದವನ ಕೈಗೆ ಯಜಮಾನಿಕೆಯೂ ತಾನಾಗಿ ಬಂದುಬಿಡುತ್ತದೆ. ಮಿಕ್ಕವರು ಕ್ರಮೇಣ ಶ್ರೋತೃಗಳಾಗುತ್ತಾರೆ.

೪

ಅದೇ ೨೦೧೮ರಲ್ಲಿ ಪೋಲೆಂಡಿನ ಪೋರ್ಟಲ್ ಗೇಮ್ಸ್ ಸಂಸ್ಥೆಯವರು ಹೊರಡಿಸಿದ ‘ಡಿಟೆಕ್ಟಿವ್’ ಮತ್ತೊಂದು ಮಾರ್ಗವನ್ನು ಹಿಡಿದಿದೆ. ಇಗ್ನಾಟ್ಸಿ ಟ್ಶೆವಿಚೆಕ್ ಮೊದಲಾದವರು ರಚಿಸಿದ ಈ ಆಟದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಐದು ಪ್ರಕರಣಗಳಿವೆ. ಸುಳಿವುಗಳು ಕಾಗದದ ಚೀಟಿಗಳಲ್ಲಿಯೇ ಅಚ್ಚಾಗಿವೆ. ಯಂತ್ರದ ಪಾಲಿಗೆ ಬಂದಿರುವುದು ‘ಅಂಟಾರೆಸ್’ ಎಂಬ ಕಲ್ಪಿತ ತನಿಖಾಸಂಸ್ಥೆಯ ದಫ್ತರ. ವ್ಯಕ್ತಿಗಳ ಪೂರ್ವವೃತ್ತಾಂತ, ವಿಚಾರಣೆಯ ವರದಿ, ಬೆರಳಚ್ಚೇ ಮೊದಲಾದ ಕುರುಹುಗಳ ಹೋಲಿಕೆ, ಇವನ್ನು ಆ ಜಾಲತಾಣದಲ್ಲಿ ಹುಡುಕಿ ತೆಗೆಯಬೇಕು. ಬೇಕೆನಿಸಿದಲ್ಲಿ ಅಂತರ್ಜಾಲದಲ್ಲಿ ನಿಜವಾದ ಚರಿತ್ರೆಯ ಸಂಗತಿಗಳನ್ನು ನೋಡಿಕೊಳ್ಳಲೂ ಆಟವು ಪ್ರೇರಿಸುತ್ತದೆ.

ಇಲ್ಲಿಯ ವಿಭಾಗಕ್ರಮವು ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ದಫ್ತರವು ಎರಡು ಕುರುಹುಗಳು ಒಂದೇ ಎಂದು ತಿಳಿಸೀತು; ಅದರಿಂದ ಏನು ಸಿದ್ಧಿಸುತ್ತದೆಂದು ತಿಳಿಸುವುದಿಲ್ಲ. ಟಿಪ್ಪಣಿ ಬರೆದುಕೊಳ್ಳುವ ಭಾರವೂ ಹೆಸರಿಗೆ ಹೆಸರನ್ನು ಜೋಡಿಸುವ ಭಾರವೂ ಆಟಗಾರರದೇ. ಕೆಲಸದ ವೇಳೆ ಮುಗಿಯುತ್ತ ಬಂದಂತೆ, ಉಳಿದ ಎರಡು ಗಂಟೆಯನ್ನು ಎಲ್ಲಿ ವ್ಯಯಮಾಡಬೇಕೆಂಬ ಚರ್ಚೆ ಕಾವೇರುತ್ತದೆ. ಅದು ನಿಜವಾದ ವಾದ. ಆದರೂ ಗುಣವಿದ್ದಲ್ಲಿಯೇ ದೋಷವೂ ಇದೆ. ದಫ್ತರದ ಬರಹಗಳು ದೀರ್ಘವಾಗಿವೆ. ಒಬ್ಬನು ಪುಟಗಟ್ಟಲೆ ಓದುತ್ತಿರುವಾಗ ಇತರರ ಚಿತ್ತವು ಚದರುತ್ತದೆ. ‘ಕ್ರಾನಿಕಲ್ಸ್’ ಆಟದ ಲವಲವಿಕೆ ಇಲ್ಲಿಲ್ಲ.

೫

ಎರಡಕ್ಕೂ ಸಮಾನವಾದ ಒಂದು ಕೊರತೆಯೇ ನಮ್ಮ ಮುಖ್ಯವಾದ ಆಕ್ಷೇಪ. ಆಟದ ಕೊನೆಯಲ್ಲಿ ಯಂತ್ರವು ಪರೀಕ್ಷಕನಾಗುತ್ತದೆ: ಕೊಂದವರು ಯಾರು, ಸಾಧನ ಯಾವುದು, ಉದ್ದೇಶವೇನು ಎಂದು ಕೇಳಿ ಅಂಕಗಳನ್ನು ಕೊಡುತ್ತದೆ. ಹೀಗೆಂದು ನೀವು ಹೇಗೆ ಬಲ್ಲಿರಿ ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಪ್ರಾಶಸ್ತ್ಯವಿಲ್ಲ. ನಿಗಮನವು ಸರಿಯಾದರೆ ಸಾಕು, ಹೇತುವು ಏನೇ ಆಗಿರಲಿ. ಹನ್ನೆರಡನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಈ ತೊಡಕನ್ನು ಎತ್ತಿದ್ದಾನೆ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದವನಿಗೆ ಅಲ್ಲಿ ದೈವವಶಾತ್ ಬೆಂಕಿಯೂ ಇದ್ದರೆ, ಮುಷ್ಟಿಯಲ್ಲಿ ಮುಚ್ಚಿಟ್ಟ ಕವಡೆಗಳೆಷ್ಟೆಂದು ಕೇಳಿದಾಗ ‘ಐದು’ ಎಂದು ಸುಮ್ಮನೆ ಹೇಳಿದವನ ಮಾತು ನಿಜವಾಗಿಬಿಟ್ಟರೆ, ಅದು ಜ್ಞಾನವೇ? ಕಾಕತಾಳೀಯವಾಗಿ ಅಪರಾಧಿಯ ಹೆಸರನ್ನು ಹೇಳಿದವರಿಗೂ ತರ್ಕಿಸಿ ಕಂಡವರಿಗೂ ಯಂತ್ರವು ಒಂದೇ ಫಲವನ್ನು ಕೊಡುತ್ತದೆ. ಭೇದವನ್ನು ಬಲ್ಲವರು ಮಣೆಯ ಸುತ್ತ ಕುಳಿತವರು ಮಾತ್ರ.

ಆಯುಸ್ಸಿನ ಪ್ರಶ್ನೆಯೂ ಉಂಟು. ಒಂದು ಪ್ರಕರಣವನ್ನು ಒಬ್ಬರು ಒಮ್ಮೆ ಮಾತ್ರ ಆಡಬಹುದೆಂಬುದು ಇಂಥ ಆಟಗಳಿಗೆಲ್ಲ ಸಹಜವಾದ ಮಿತಿ. ಆದರೆ ೧೯೮೦ರ ದಶಕದ ಪುಸ್ತಕವನ್ನು ಇಂದು ಹೊಸಬರು ತೆರೆದು ಆಡಬಲ್ಲರು. ಆ್ಯಪನ್ನೂ ಜಾಲತಾಣವನ್ನೂ ಪ್ರಕಾಶಕರು ಪೋಷಿಸದೆ ಬಿಟ್ಟ ದಿನ ಸಂಕೇತಗಳ ಚೀಟಿಗಳು ಮೂಕವಾಗುತ್ತವೆ. ಗ್ರಂಥಭಂಡಾರಗಳಲ್ಲಿ ಕಾಪಾಡತಕ್ಕ ವಸ್ತುವಾಗಿ ಇವನ್ನು ಎಣಿಸುವವರು ಈ ಅಂಶವನ್ನು ಮರೆಯಬಾರದು.

ಯಂತ್ರವನ್ನು ತಿರಸ್ಕರಿಸುವುದು ನಮ್ಮ ಅಭಿಪ್ರಾಯವಲ್ಲ. ನೆನಪಿಡುವುದು, ಕಾಲವನ್ನು ಎಣಿಸುವುದು, ರಹಸ್ಯವನ್ನು ಕಾಯುವುದು, ಈ ಮೂರನ್ನು ಅದು ಮನುಷ್ಯನಿಗಿಂತ ಚೆನ್ನಾಗಿ ಮಾಡುತ್ತದೆ. ಹೇತುವನ್ನು ಪರೀಕ್ಷಿಸುವ ಕೆಲಸವು ಆಟಗಾರರಲ್ಲಿಯೇ ಉಳಿಯಬೇಕು. ಆದಕಾರಣ ಈ ಆಟಗಳನ್ನು ಆಡುವವರು ಎರಡು ನಿಯಮಗಳನ್ನು ತಾವೇ ಸೇರಿಸಿಕೊಳ್ಳುವುದು ಯುಕ್ತ: ಮೊಬೈಲು ಸರದಿಯಂತೆ ಕೈಯಿಂದ ಕೈಗೆ ಹೋಗಲಿ, ಚೀಟಿಯನ್ನು ತೋರಿಸುವ ಮೊದಲು, ಯಾವ ಉತ್ತರವನ್ನು ಯಾವ ಕಾರಣದಿಂದ ನಿರೀಕ್ಷಿಸುತ್ತೇನೆಂಬುದನ್ನು ತೋರಿಸುವವನು ಹೇಳಲಿ. ಮುಂದೆ ಇಂಥ ಆಟಗಳನ್ನು ರಚಿಸುವವರು, ಕೊನೆಯ ಪ್ರಶ್ನೆಗಳಲ್ಲಿ ಅಪರಾಧಿಯ ಹೆಸರಿನೊಡನೆ ಅದನ್ನು ಸ್ಥಾಪಿಸುವ ಕುರುಹುಗಳನ್ನೂ ಕೇಳಿ ಅವಕ್ಕೆ ಹೆಚ್ಚಿನ ಅಂಕವನ್ನಿಟ್ಟರೆ, ಈ ಪ್ರಕಾರವು ಇನ್ನೂ ಪ್ರೌಢವಾದೀತು.