ಓಗರ್‌ನ ರೇಟು ಎಷ್ಟು?

ಈ ವಾರ ನಕ್ಷೆಗಳ ಸರದಿ ಎಂದಿದ್ದೆ. ಡಂಜನ್ ಚೆನ್ನಾಗಿದೆಯೋ ಇಲ್ಲವೋ ಎಂಬುದು ಅದರ ನಕ್ಷೆಯಲ್ಲೇ ತೀರ್ಮಾನವಾಗಿಬಿಡುತ್ತದೆ ಎಂಬ ನನ್ನ ಹಳೇ ರಾಗ ಖಾಯಂ ಓದುಗರಿಗೆ ಗೊತ್ತೇ ಇದೆ. ಸಾಕ್ಷಿಗೆಂದು ಜೆನೆಲ್ ಜೇಕ್ವೇಸ್ 1979ರಲ್ಲಿ ಜಡ್ಜಸ್ ಗಿಲ್ಡ್‌ಗೆ ಬರೆದುಕೊಟ್ಟ ‘ಕ್ಯಾವರ್ನ್ಸ್ ಆಫ್ ಥ್ರೇಸಿಯಾ’ವನ್ನು ಬಿಡಿಸಿಟ್ಟುಕೊಂಡಿದ್ದೆ. ಅಲ್ಲಿ ನೆಲದಡಿಗೆ ಇಳಿಯಲು ಹಲವು ದಾರಿ. ಹಿಡಿದ ಓಣಿ ಸುತ್ತಿ ಬಳಸಿ ಹೊರಟಲ್ಲಿಗೇ ತಂದು ಬಿಡುತ್ತದೆ. ಮುಂದಿನಿಂದ ನುಗ್ಗಿ ಪೆಟ್ಟು ತಿಂದವರು ಹಿಂದಿನಿಂದ ಹೋಗುವ ಉಪಾಯ ಹುಡುಕಬಹುದು. ಒಂದೇ ಓಣಿಗೆ ಕೋಣೆಗಳನ್ನು ಸಾಲಾಗಿ ಪೋಣಿಸಿ ಅದಕ್ಕೆ ಡಂಜನ್ ಎಂದು ಹೆಸರಿಟ್ಟು ಮಾರುವವರಿಗೆ ಇದನ್ನು ತೋರಿಸಿ ನಾಲ್ಕು ಮಾತು ಹೇಳುವ ಉಮೇದು ಇತ್ತು.

ಹೋಲಿಕೆಗೆ ಇರಲಿ ಎಂದು ಗ್ಯಾರಿ ಗೈಗ್ಯಾಕ್ಸ್‌ರ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ತೆರೆದೆ. ಓಗರ್‌ನ ಗುಹೆಯ ತನಕ ಹೋದವನು ಅಲ್ಲೇ ಕೂತುಬಿಟ್ಟೆ. ಸಂಪಾದಕರು ಕೊಟ್ಟ ಗಡುವಿನಲ್ಲಿ ನಕ್ಷೆಗೂ ಓಗರ್‌ಗೂ ಒಟ್ಟಿಗೆ ನ್ಯಾಯ ಒದಗಿಸಲು ಆಗದು. ಹಾಗಾಗಿ ಓಗರ್‌ನೇ ಇರಲಿ.

‘ಕೀಪ್’ ಅಷ್ಟೊಂದು ಮನೆಗಳನ್ನು ಹೊಕ್ಕಿದ್ದಕ್ಕೆ ಕಾರಣ, 1980ರ ಸುಮಾರಿಗೆ ಟಿಎಸ್‌ಆರ್ ಕಂಪನಿ ಅದನ್ನು ಬೇಸಿಕ್ ಸೆಟ್‌ನ ಪೆಟ್ಟಿಗೆಯೊಳಗೇ ಇಟ್ಟು ಮಾರಿದ್ದು. ಕೇಳದೆ ಜೊತೆಗೆ ಬಂದದ್ದಕ್ಕೆ ಮರ್ಯಾದೆ ಕಡಿಮೆ. ಗುಹೆಗೊಂದು ಜಾತಿಯ ರಾಕ್ಷಸರು, ನುಗ್ಗಿ ಕೊಂದು ದೋಚುವುದಷ್ಟೇ ಆಟ ಎಂದು ಅದನ್ನು ತಳ್ಳಿಹಾಕುವುದು ಇವತ್ತಿಗೂ ಜಾಣತನವೆನಿಸಿಕೊಂಡಿದೆ. ಹಾಗೆನ್ನುವವರು ಗುಹೆಗಳ ಪಟ್ಟಿ ನೋಡಿದ್ದಾರೆ, ಅದರ ಹಿಂದಿನ ಟಿಪ್ಪಣಿ ಓದಿಲ್ಲ.

ಕಣಿವೆಯ ಇಕ್ಕೆಲಗಳಲ್ಲಿ ಎಯಿಂದ ಕೆವರೆಗೆ ಗುರುತು ಹಾಕಿದ 11 ಗುಹೆಗಳು. ಕೋಬೋಲ್ಡರು, ಓರ್ಕರ ಎರಡು ಪಂಗಡ, ಗಾಬ್ಲಿನ್ನರು, ಹಾಬ್‌ಗಾಬ್ಲಿನ್ನರು, ಬಗ್‌ಬೇರ್‌ಗಳು, ನೋಲ್‌ಗಳು, ಒಬ್ಬ ಮಿನೋಟಾರ್, ಕೊನೆಗೆ ದುಷ್ಟ ಪೂಜಾರಿಗಳ ಗುಡಿ. ಇಷ್ಟೇ ಇದ್ದಿದ್ದರೆ ಟೀಕೆ ಸರಿಯಾಗಿಯೇ ಇರುತ್ತಿತ್ತು. ಆದರೆ ಗುಹೆಗಳ ವಿವರಕ್ಕೆ ಇಳಿಯುವ ಮುಂಚೆ ಗೈಗ್ಯಾಕ್ಸ್ ಆಟ ನಡೆಸುವ ಡಿಎಂನ ಕಿವಿಯಲ್ಲಿ ಕೆಲವು ಮಾತು ಹೇಳುತ್ತಾರೆ. ಗಾಬ್ಲಿನ್ನರೂ ಹಾಬ್‌ಗಾಬ್ಲಿನ್ನರೂ ಒಂದು ಕಡೆ, ಓರ್ಕರು ಇನ್ನೊಂದು ಕಡೆ. ಇವರ ಜಗಳಕ್ಕೆ ಕೊನೆಯಿಲ್ಲ. ನೋಲ್‌ಗಳೂ ಆಗಾಗ ಅದರಲ್ಲಿ ಕೈಹಾಕುತ್ತವೆ. ಕೋಬೋಲ್ಡರಿಗೆ ತಾವು ಯಾರ ನೆನಪಿಗೂ ಬಾರದಿದ್ದರೆ ಸಾಕು. ಗುಂಪು ತಪ್ಪಿ ಒಂಟಿಯಾದವರು ಬಗ್‌ಬೇರ್‌ಗಳ ಪಾಲು. ಒಮ್ಮೆ ದಾಳಿಗೆ ಸಿಕ್ಕಿದ ಗುಹೆಯವರು ಪಾಠ ಕಲಿತು ಮುಂದಿನ ಸಲಕ್ಕೆ ತಯಾರಾಗಿರಬೇಕು. ಖಾಲಿಯಾದ ಗುಹೆಗೆ ಕೆಲವು ವಾರ ಕಳೆದ ಮೇಲೆ ಹೊಸಬರು ಬಂದು ಸೇರಿಕೊಳ್ಳಬಹುದು. ಸೆರೆಸಿಕ್ಕ ಸಾಹಸಿಗಳನ್ನು ಕೊಲ್ಲುವ ಬದಲು ಒತ್ತೆಹಣ ಪಡೆದು ಬಿಡಬಹುದು. ಬೆರಳೆಣಿಕೆಯ ಪ್ಯಾರಾಗಳು, ಅಷ್ಟರಲ್ಲೇ ಕಣಿವೆಯಲ್ಲಿ ರಾಜಕೀಯ ಶುರುವಾಯಿತು.

ಇನ್ನು ಓಗರ್. ಗಾಬ್ಲಿನ್ನರ ಪಕ್ಕದ ಗುಹೆಯಲ್ಲಿ ಅವನ ವಾಸ. ಒಳಹೊಕ್ಕವರ ಮೂಗಿಗೆ ಮೊದಲು ಹುಳಿನಾತ ಬಡಿಯುತ್ತದೆ, ಆಮೇಲೆ ಒಂದು ಬದಿಯಲ್ಲಿ ದೊಡ್ಡ ಕರಡಿಯೊಂದು ಮಲಗಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಎಲೆಗಳ ರಾಶಿಯ ಮೇಲೆ ಹಾಸಿದ ಕರಡಿಚರ್ಮ, ಓಗರ್ ಮಹಾಶಯನ ಹಾಸಿಗೆ. ಅವನು ಕೂತಿರುವುದು ಇನ್ನೊಂದು ಬದಿಯಲ್ಲಿ. ಎರಡು ಗುಹೆಗಳ ನಡುವೆ ಗುಪ್ತ ಬಾಗಿಲು. ಯಾರಾದರೂ ಮೇಲೆ ಬಿದ್ದರೆ ಗಾಬ್ಲಿನ್ನರು ಆ ಬಾಗಿಲಿನಿಂದ 250 ಚಿನ್ನದ ನಾಣ್ಯಗಳ ಚೀಲವನ್ನು ಅವನತ್ತ ಎಸೆಯುತ್ತಾರೆ. ದುಡ್ಡು ಬಿತ್ತೋ, ಅವನು ಎದ್ದು ಬಂದು ಅವರ ಪರ ಹೊಡೆದಾಡುತ್ತಾನೆ. ಗಾಬ್ಲಿನ್ನರ ಮೇಲೆ ಪ್ರೀತಿಯೇನೂ ಇಲ್ಲ. ಓರ್ಕರೂ ನೋಲ್‌ಗಳೂ ಹಿಂದೆ ಅವನನ್ನು ಕೊಂಡದ್ದುಂಟು. ಸಾಹಸಿಗಳು ಅದಕ್ಕಿಂತ ಹೆಚ್ಚು ಕೊಟ್ಟರೆ ಅವನ ಮನಸ್ಸು ಬದಲಾಗಬಹುದು. ಒಂದೇ ಷರತ್ತು, ಬಾಯಿಮಾತಿನ ಭರವಸೆ ನಡೆಯುವುದಿಲ್ಲ. ದುಡ್ಡು ಕಣ್ಣಿಗೆ ಕಾಣಬೇಕು, ಕೈಗೆ ತಾಗಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಬೇಸಿಕ್ ನಿಯಮದಂತೆ ಹೊಸ ಪಾತ್ರದ ಆರಂಭದ ಹಣ, ಮೂರು ದಾಳಗಳ ಮೊತ್ತದ ಹತ್ತುಪಟ್ಟು. ಎಷ್ಟೇ ಅದೃಷ್ಟವಿದ್ದರೂ 180 ನಾಣ್ಯ ದಾಟುವಂತಿಲ್ಲ. ಕತ್ತಿ, ಕವಚ, ಹಗ್ಗ, ಪಂಜು, ಬುತ್ತಿ ಎಲ್ಲ ಅದರಲ್ಲೇ ಆಗಬೇಕು. ಅಂದರೆ ಓಗರ್‌ನ ರೇಟು ಯಾವ ಹೊಸಬನ ಜೇಬಿಗೂ ಎಟುಕುವಂಥದ್ದಲ್ಲ. ಅವನನ್ನು ಕೊಳ್ಳಬೇಕೆಂದರೆ ಮೊದಲು ಬೇರೆ ಯಾರನ್ನಾದರೂ ದೋಚಿಕೊಂಡು ಬರಬೇಕು. ಓರ್ಕರನ್ನೇ? ಅಥವಾ ಚೀಲ ಹಾರುವ ಮೊದಲೇ ಗಾಬ್ಲಿನ್ನರ ಕಾವಲುಕೋಣೆಯಲ್ಲಿ ಅದನ್ನು ಲಪಟಾಯಿಸಿ, ಅವರದೇ ದುಡ್ಡಿಗೆ ನಾಲ್ಕು ಕಾಸು ಸೇರಿಸಿ ಅವರ ಮೇಲೇ ಓಗರ್‌ನನ್ನು ಛೂ ಬಿಡುವುದೇ? ಇದನ್ನೆಲ್ಲ ಗೈಗ್ಯಾಕ್ಸ್ ಬರೆದಿಲ್ಲ. ಅವರು ಬರೆದದ್ದು ಒಂದು ಮೊತ್ತ, ಒಂದು ಬಾಗಿಲು, ಒಂದು ಸ್ವಭಾವ. ಮಿಕ್ಕಿದ್ದು ಮೇಜಿನ ಸುತ್ತ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಒಳ್ಳೆಯ ಮಾಡ್ಯೂಲ್‌ಗೆ ನಾನು ಕೊಡುವ ಲಕ್ಷಣವೂ ಇಷ್ಟೇ: ಯಾರಿಗೆ ಏನು ಬೇಕು, ಯಾರನ್ನು ಕಂಡರೆ ಯಾರಿಗೆ ಭಯ, ಯಾರ ಬೆಲೆ ಎಷ್ಟು ಎಂಬುದನ್ನು ಡಿಎಂ ಕೈಗೆ ಕೊಟ್ಟು ಲೇಖಕ ಪಕ್ಕಕ್ಕೆ ಸರಿಯಬೇಕು.

ಇದು ಆ ಕಾಲದವರ ಪ್ರತಿಭೆಯಷ್ಟೇ ಆಗಿರಲಿಲ್ಲ, ನಿಯಮಗಳೂ ಜೊತೆಗಿದ್ದವು. ಆಗ ಅನುಭವದ ಅಂಕದಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ನಿಧಿಯಿಂದ: ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ರಾಕ್ಷಸನನ್ನು ಕೊಂದರೆ ಸಿಗುತ್ತಿದ್ದದ್ದು ಚಿಲ್ಲರೆ. ಮೊದಲ ಲೆವೆಲ್‌ನ ಮಂತ್ರವಾದಿಗೆ ನಾಲ್ಕು ಹಿಟ್ ಪಾಯಿಂಟ್ ಇದ್ದರೆ ಅದೇ ಭಾಗ್ಯ. ಹೀಗಿರುವಾಗ ಕತ್ತಿ ಎತ್ತುವುದು ದಡ್ಡರ ಕೆಲಸ, ಚೌಕಾಸಿ ಬಲ್ಲವನೇ ಜಾಣ. ಅದಕ್ಕೆ ತಕ್ಕಂತೆ, ಎದುರಾದ ಜೀವಿ ಮೊದಲು ಹೇಗೆ ನಡೆದುಕೊಳ್ಳುತ್ತದೆಂದು ನೋಡಲು ಎರಡು ದಾಳಗಳ ಪಟ್ಟಿಯೂ ಇತ್ತು. ಎಲ್ಲರೂ ಕಂಡೊಡನೆ ಮೈಮೇಲೆ ಬೀಳುತ್ತಿರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ನಿಧಿಯ ಅಂಕ ಹಿಂದೆ ಸರಿಯಿತು, ಗೆದ್ದ ಕಾಳಗದ ಅಂಕ ಮುಂದೆ ಬಂತು. ಮಾಡ್ಯೂಲ್‌ಗಳೂ ಅದೇ ದಾರಿ ಹಿಡಿದವು. 2008ರಲ್ಲಿ ನಾಲ್ಕನೇ ಆವೃತ್ತಿಯ ಜೊತೆ ಬಂದ ‘ಕೀಪ್ ಆನ್ ದಿ ಶ್ಯಾಡೋಫೆಲ್’ ಹೆಸರಿನಲ್ಲಿ ಹಳೆಯದರ ನೆರಳು ಹಿಡಿದಿತ್ತು. ಒಳಗೆ ನೋಡಿದರೆ ಎದುರುಬದುರು ಪುಟಗಳಲ್ಲಿ ಒಂದೊಂದು ಕಾಳಗ: ಚೌಕಗಳ ನಕ್ಷೆ, ಯಾರು ಎಲ್ಲಿ ನಿಲ್ಲಬೇಕು, ಯಾವ ಸುತ್ತಿನಲ್ಲಿ ಏನು ಮಾಡಬೇಕು. ಮಾತಿಗೆ ನಿಲ್ಲಲು ಅಲ್ಲಿ ಚೌಕವೇ ಇಲ್ಲ.

ಆದರೆ ಕಾಳಗದ ಪಂಥದ ಮೇಲೆ ನನಗಿರುವುದು ಬೇಸರ ಮಾತ್ರ. ಹಳೇ ಜಗಳ ಇರುವುದು ‘ಕಥೆಯೇ ಮೊದಲು’ ಎನ್ನುವವರ ಜೊತೆ. 1984ರಲ್ಲಿ ‘ಡ್ರ್ಯಾಗನ್ಸ್ ಆಫ್ ಡಿಸ್ಪೇರ್’ ಮೂಲಕ ಶುರುವಾದ ಡ್ರ್ಯಾಗನ್‌ಲ್ಯಾನ್ಸ್ ಮಾಲೆ ಇವರ ಮೂಲಪೀಠ. ಆಡಬೇಕಾದ ನಾಯಕರು ಮೊದಲೇ ಸಿದ್ಧ, ನಡೆಯಬೇಕಾದ ಘಟನೆಗಳೂ ಸಿದ್ಧ, ಅದೇ ಕಥೆಯ ಕಾದಂಬರಿಯೂ ಅದೇ ವರ್ಷ ಅಂಗಡಿಗೆ ಬಂತು. ಮುಂದೆ ಬೇಕಾಗುವ ಖಳನನ್ನು ಆಟಗಾರರು ಈಗಲೇ ಕೊಂದುಬಿಟ್ಟರೆ? ಅದಕ್ಕೂ ನಿಯಮ ಮಾಡಿದ್ದರು: ಅವನ ಸಾವು ಮಸುಕಾಗಿರಲಿ, ಹೆಣ ಸಿಗದಿರಲಿ, ಮುಂದೊಂದು ದಿನ ಅವನು ಮರಳಿ ಬರಬಹುದು. ಆಟಗಾರ ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಹಾಕಲಿ, ಅದು ಲೆಕ್ಕಕ್ಕಿಲ್ಲ.

ಇವರ ಪರವಾಗಿ ಆಡಬಹುದಾದ ಗಟ್ಟಿ ವಾದ ನಮ್ಮ ತಾಳಮದ್ದಳೆಯಲ್ಲಿದೆ, ಅದನ್ನೂ ನಾನೇ ಹೇಳುತ್ತೇನೆ. ‘ಕೃಷ್ಣಸಂಧಾನ’ ನಡೆಯುವಾಗ ಸಂಧಾನ ಮುರಿದುಬೀಳುತ್ತದೆಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಭಾಗವತರ ಮುಂದಿನ ಪದ್ಯ ಬರೆದಾಗಿದೆ. ಕೌರವನ ಅರ್ಥಧಾರಿ ಎಷ್ಟೇ ಸೊಗಸಾಗಿ ವಾದಿಸಲಿ, ಕೃಷ್ಣನನ್ನೇ ತಬ್ಬಿಬ್ಬುಗೊಳಿಸಲಿ, ಐದು ಊರು ಕೊಡುವಂತಿಲ್ಲ. ಆದರೂ ಜನ ನಿದ್ದೆಗೆಟ್ಟು ಕೇಳುತ್ತಾರೆ. ಏನಾಗುತ್ತದೆಂಬ ಕುತೂಹಲ ಅಲ್ಲಿಲ್ಲ, ಆಗಲೇಬೇಕಾದದ್ದನ್ನು ಇವತ್ತಿನ ಅರ್ಥಧಾರಿ ಹೇಗೆ ಆಗಿಸುತ್ತಾನೆ ಎಂಬುದೇ ರುಚಿ. ಹಾಗಾದರೆ ಡ್ರ್ಯಾಗನ್‌ಲ್ಯಾನ್ಸ್ ಮಾಡಿದ ತಪ್ಪೇನು?

ತಾಳಮದ್ದಳೆಯ ಅರ್ಥಧಾರಿಗೆ ಪ್ರಸಂಗ ಗೊತ್ತು. ಅವನು ಆ ಕಟ್ಟನ್ನು ಒಪ್ಪಿಯೇ ಕೂತಿದ್ದಾನೆ, ಅವನ ಸ್ವಾತಂತ್ರ್ಯ ಇರುವುದೇ ಅದರೊಳಗೆ. ನಮ್ಮ ಮೇಜಿನ ಸುತ್ತ ಕೂತವರಿಗೆ ಪ್ರಸಂಗ ಗೊತ್ತಿಲ್ಲ. ಬಂದದ್ದು ಸಂಧಾನ ಮಾಡಲಿಕ್ಕೆ, ಅದು ಕೂಡಿಬರಬಹುದು ಎಂಬ ನಂಬಿಕೆಯಿಂದ. ಅವರ ಬಾಯಲ್ಲಿ ವಾದ ಹೂಡಿಸಿ, ಬೆನ್ನ ಹಿಂದೆ ಮುಂದಿನ ಪದ್ಯ ಬಚ್ಚಿಟ್ಟುಕೊಳ್ಳುವುದು ಮೋಸ. ಪದ್ಯವನ್ನು ಮೊದಲೇ ಎಲ್ಲರಿಗೂ ಓದಿ ಹೇಳಿ ಆಡಿಸುವ ಧೈರ್ಯವಿದ್ದರೆ ಅದು ಬೇರೆಯೇ ಆಟ, ಅದಕ್ಕೆ ನನ್ನ ತಕರಾರಿಲ್ಲ.

ಇದು ಡ್ರ್ಯಾಗನ್‌ಲ್ಯಾನ್ಸ್‌ನ ಟ್ರೇಸಿ ಹಿಕ್‌ಮನ್‌ಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಒಂದೇ ವರ್ಷ ಮುಂಚೆ, 1983ರಲ್ಲಿ, ಅವರೂ ಲಾರಾ ಹಿಕ್‌ಮನ್ನರೂ ಬರೆದ ‘ರೇವನ್‌ಲಾಫ್ಟ್’ನಲ್ಲಿ ಕಥೆಯ ಭಾರ ಕಡಿಮೆಯೇನಿಲ್ಲ. ಆದರೆ ಅಲ್ಲಿ ಭವಿಷ್ಯ ಹೇಳುವವಳು ಇಸ್ಪೀಟಿನ ಎಲೆ ಹಾಕುತ್ತಾಳೆ. ರಕ್ತಪಿಶಾಚಿ ಸ್ಟ್ರಾಡ್ ಈ ಸಲ ಏನು ಬಯಸಿದ್ದಾನೆ, ಅವನನ್ನು ಮಣಿಸುವ ಆಯುಧಗಳು ಕೋಟೆಯಲ್ಲಿ ಎಲ್ಲೆಲ್ಲಿವೆ ಎಂಬುದೆಲ್ಲ ಆ ಎಲೆಗಳಿಂದ ನಿರ್ಧಾರ. ಡಿಎಂಗೂ ಎಲೆ ಬೀಳುವ ತನಕ ಗೊತ್ತಿಲ್ಲ. ಬಯಕೆಯುಳ್ಳ ಒಬ್ಬ ಖಳ, ಎಲ್ಲಿ ಬೇಕಾದರೂ ಓಡಾಡಬಹುದಾದ ಒಂದು ಕೋಟೆ. ನನ್ನ ಓಗರ್‌ನ ಶ್ರೀಮಂತ ದಾಯಾದಿ ಈ ಸ್ಟ್ರಾಡ್.

‘ಕೀಪ್’ನಲ್ಲಿ ಕೊರತೆಗಳಿಲ್ಲವೇ? ಇವೆ. ಕೋಟೆಯೊಳಗಿನ ಜನಕ್ಕೆ ಹೆಸರೇ ಇಲ್ಲ, ಹುದ್ದೆ ಮಾತ್ರ. ಬ್ಯಾಂಕಿನವನು, ಪಾದ್ರಿ, ಕೋಟೆಯ ಅಧಿಪತಿ ಎಂದಿಷ್ಟೇ ಇರುವುದರಿಂದ ಡಿಎಂ ಹಿಂದಿನ ರಾತ್ರಿ ಕೂತು ನಾಮಕರಣ ಮಾಡಬೇಕು. ಗುಹೆಗಳಲ್ಲಿ ಹೆಂಗಸರನ್ನೂ ಮರಿಗಳನ್ನೂ ಎಣಿಸಿ ಇಟ್ಟು, ಅವರನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಎಳೆಯ ಆಟಗಾರರ ತಲೆಗೆ ಕಟ್ಟಿದ್ದೂ ಸರಿಯಲ್ಲ. ಇಷ್ಟು ರಾಜಕೀಯವನ್ನು ಟಿಪ್ಪಣಿಯ ಮೂಲೆಗೆ ತಳ್ಳಿದ್ದರಿಂದಲೇ ಅದು ಬಹಳ ಮಂದಿಯ ಕಣ್ಣು ತಪ್ಪಿತು ಎಂಬುದನ್ನೂ ಒಪ್ಪುತ್ತೇನೆ.

ಹಳೆಯದೆಲ್ಲ ಹೊನ್ನು ಎಂಬ ಪಂಥಕ್ಕೂ ನಾನು ಸೇರಿದವನಲ್ಲ. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ನ ಮೊದಲ ಗುಹೆಯನ್ನೇ ನೋಡಿ. ಅಲ್ಲಿ ಯೀಮಿಕ್ ಎಂಬ ಗಾಬ್ಲಿನ್, ಗುಂಪಿನಲ್ಲಿ ಎರಡನೆಯವನು. ಸೆರೆಯಾಳನ್ನು ಮುಂದಿಟ್ಟುಕೊಂಡು ಸಾಹಸಿಗಳಿಗೆ ಒಪ್ಪಂದ ಮುಂದೊಡ್ಡುತ್ತಾನೆ: ತನ್ನ ಯಜಮಾನ ಕ್ಲಾರ್ಗ್‌ನನ್ನು ಮುಗಿಸಿ ಬನ್ನಿ, ಇವನನ್ನು ಬಿಡುತ್ತೇನೆ. ಸಾಹಸಿಗಳು ತಲೆಕೆರೆದುಕೊಳ್ಳಲಿಕ್ಕೆ ಅಷ್ಟು ಸಾಕು. ಅದೂ ಹೊಸ ಡಿಎಂಗಳಿಗೆಂದೇ ಬರೆದ ತೆಳ್ಳನೆಯ ಪುಸ್ತಕದಲ್ಲಿ.

ಈಗ 200 ಪುಟ ದಾಟಿದ ರಟ್ಟಿನ ಪುಸ್ತಕಗಳ ಕಾಲ. ಒಂದು ರಾಜಮನೆತನದ ಮುನ್ನೂರು ವರ್ಷದ ಚರಿತ್ರೆ ಇರುತ್ತದೆ. ಆಟಗಾರರು ಅದನ್ನು ತಿಳಿಯುವ ದಾರಿ ಇರುವುದಿಲ್ಲ. ಚೌಕಟ್ಟಿನೊಳಗೆ ಗಟ್ಟಿಯಾಗಿ ಓದಿ ಹೇಳಲು ಹಾಕಿದ ವರ್ಣನೆ ಇರುತ್ತದೆ. ಅದು ಮುಗಿಯುವಷ್ಟರಲ್ಲಿ ಒಬ್ಬ ಫೋನ್ ನೋಡುತ್ತಿರುತ್ತಾನೆ, ಇನ್ನೊಬ್ಬಳು ಚಹಾಕ್ಕೆ ಎದ್ದಿರುತ್ತಾಳೆ. ಇದಕ್ಕೆ ಪ್ರತಿಯಾಗಿ ಎದ್ದ ಹೊಸಬರು ಎಲ್ಲವನ್ನೂ ಮೂರು ಮೂರು ಪದಗಳ ಸಾಲಿಗೆ ಇಳಿಸಿದ್ದಾರೆ. ಆಟದ ನಡುವೆ ಕಣ್ಣಾಡಿಸಲು ಅನುಕೂಲ, ಖಂಡಿತ. ಆದರೆ ‘ಓಗರ್, ಕರಡಿಚರ್ಮ, ನಾತ’ ಎಂದು ಮೂರೇ ಪದ ಬರೆದು ರೇಟು ಬರೆಯುವುದನ್ನು ಮರೆತರೆ ಆ ಚುಟುಕಿನಿಂದ ಏನು ಬಂತು?

ಹೊಸ ಮಾಡ್ಯೂಲ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳಿ ಮುಗಿಸುತ್ತೇನೆ. ಹಿಂಬದಿಯ ಹೊಗಳಿಕೆ ಬಿಡಿ, ಬಣ್ಣದ ಚಿತ್ರಗಳನ್ನೂ ಬಿಡಿ. ನಡುವಿನಲ್ಲಿ ಎಲ್ಲಾದರೂ ತೆರೆದು, ಆ ಕೋಣೆಯಲ್ಲಿ ಇರುವವನು ಆಟಗಾರರು ಬರದೇ ಹೋದರೆ ಇವತ್ತು ಏನು ಮಾಡುತ್ತಿದ್ದ ಎಂದು ಹುಡುಕಿ. ಪಕ್ಕದ ಕೋಣೆಯವನ ಬಗ್ಗೆ ಅವನಿಗೇನನಿಸುತ್ತದೆ ಎಂದು ನೋಡಿ. ಕೊನೆಗೆ, ಅವನನ್ನು ಕೊಳ್ಳಲು ಎಷ್ಟಾಗುತ್ತದೆ ಎಂದು ಕೇಳಿ. ಬೆಲೆ ನಾಣ್ಯದಲ್ಲೇ ಇರಬೇಕೆಂದಿಲ್ಲ, ಯಜಮಾನನ ತಲೆಯಾದರೂ ಆದೀತು. ಮೂರರಲ್ಲಿ ಎರಡಕ್ಕೆ ಉತ್ತರ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಒಂದಕ್ಕೂ ಸಿಗದೆ, ‘ಸಾಯುವವರೆಗೂ ಹೋರಾಡುತ್ತಾನೆ’ ಎಂದಷ್ಟೇ ಬರೆದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟು ಆ ದುಡ್ಡಿಗೆ ಒಳ್ಳೆಯ ದಾಳಗಳನ್ನು ಕೊಳ್ಳಿ.